ಕೇಳಿ ತಿಳಿಯುವ ಕೆಲಸಕ್ಕೆ ಕೂಲಿ ಎಷ್ಟು?

ಕೆನಡಾದ ಕೇಂದ್ರ ಸರ್ಕಾರ 2016ರ ಫೆಬ್ರುವರಿಯಲ್ಲಿ ತನ್ನ ನೌಕರರ ಸಂಬಳ ಬಟವಾಡೆಗೆ ‘ಫೀನಿಕ್ಸ್’ ಎಂಬ ಹೊಸ ಕಂಪ್ಯೂಟರ್ ವ್ಯವಸ್ಥೆಯನ್ನು ಜಾರಿಗೆ ತಂದಿತು. ಸುಮಾರು 2.9 ಲಕ್ಷ ನೌಕರರು, ನೂರೊಂದು ಇಲಾಖೆಗಳು, 80 ಸಾವಿರಕ್ಕೂ ಮಿಕ್ಕಿದ ವೇತನ ನಿಯಮಗಳು. ಕೆಲವೇ ತಿಂಗಳಲ್ಲಿ ಕೆಲವರಿಗೆ ಸಂಬಳವೇ ಇಲ್ಲ, ಕೆಲವರಿಗೆ ಅರೆಬರೆ, ಇನ್ನು ಕೆಲವರ ಖಾತೆಗೆ ಬರಬೇಕಾದ್ದಕ್ಕಿಂತ ಹೆಚ್ಚು ಹಣ. ಮನೆ ಸಾಲದ ಕಂತು ಕಟ್ಟಲಾಗದೆ ನೌಕರರು ಪರದಾಡಿದರು. ಅಲ್ಲಿನ ಮಹಾಲೆಕ್ಕ ಪರಿಶೋಧಕರು 2018ರ ವರದಿಯಲ್ಲಿ ಇದನ್ನು ಅರ್ಥಕ್ಕೇ ನಿಲುಕದ ವೈಫಲ್ಯ ಎಂದು ಕರೆದರು. ವರದಿಯೊಳಗಿನ ವಿವರಗಳು ಆ ಮಾತಿಗಿಂತ ಮುಖ್ಯ. ಸರ್ಕಾರದ ಬಳಿ ಇದ್ದದ್ದು 15.5 ಕೋಟಿ ಡಾಲರ್. ವ್ಯವಸ್ಥೆ ಕಟ್ಟಬೇಕಾದ ಐಬಿಎಂ 27.4 ಕೋಟಿ ಬೇಕು ಎಂದಿತ್ತು. ಹಣ ಹೆಚ್ಚಿಸುವ ಬದಲು ಅಧಿಕಾರಿಗಳು 984 ಕಾರ್ಯಗಳ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚನ್ನು ಕೈಬಿಟ್ಟರು ಅಥವಾ ಮುಂದಕ್ಕೆ ಹಾಕಿದರು. ಹಿಂದಿನ ತಿಂಗಳುಗಳ ಬಾಕಿ ವೇತನ ಲೆಕ್ಕ ಹಾಕುವುದೂ ಹೀಗೆ ಬಿಟ್ಟುಹೋದದ್ದರಲ್ಲಿ ಒಂದು. ಪ್ರಾಯೋಗಿಕವಾಗಿ ಒಂದು ಇಲಾಖೆಯಲ್ಲಿ ನಡೆಸಿ ನೋಡುವುದನ್ನೂ ರದ್ದು ಮಾಡಿದರು. ಇಷ್ಟರ ನಡುವೆ ಸಂಬಳದ ಒಳಹೊರಗು ಬಲ್ಲ ಸುಮಾರು 1,200 ಗುಮಾಸ್ತರ ಹುದ್ದೆಗಳನ್ನು ತೆಗೆದು, ದೂರದ ಮಿರಾಮಿಶಿ ಪಟ್ಟಣದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ಜನರನ್ನು ಕೂರಿಸಿದ್ದರು.

ಇಲ್ಲಿ ಎಡವಿದ್ದು ಪ್ರೋಗ್ರಾಂ ಬರೆಯುವುದರಲ್ಲಿ ಅಲ್ಲ, ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳಿ ತಿಳಿಯುವುದರಲ್ಲಿ. ತಿಳಿದದ್ದಕ್ಕೆ ಬೆಲೆ ಕೊಡುವುದರಲ್ಲಿ. ಆ ಕೇಳಿ ತಿಳಿಯುವ ಕೆಲಸವೇ ಸಿಸ್ಟಂ ಅನಾಲಿಸ್ಟ್‌ ಅವರದು. ಒಂದು ಬ್ಯಾಂಕು, ಆಸ್ಪತ್ರೆ, ತಹಶೀಲ್ದಾರ್ ಕಚೇರಿ ಅಥವಾ ಗೋದಾಮಿನಲ್ಲಿ ಕಾಗದ ಯಾರಿಂದ ಯಾರಿಗೆ ಹೋಗುತ್ತದೆ, ಯಾವ ನಿಯಮ ಪುಸ್ತಕದಲ್ಲಿದೆ, ಯಾವುದು ರೂಢಿಯಲ್ಲಿ ಮಾತ್ರ ಇದೆ, ಅಪರೂಪಕ್ಕೊಮ್ಮೆ ಬರುವ ಪ್ರಕರಣವನ್ನು ಗುಮಾಸ್ತರು ಹೇಗೆ ಬಗೆಹರಿಸುತ್ತಾರೆ ಎಂಬುದನ್ನೆಲ್ಲ ಪತ್ತೆಮಾಡಿ, ಯಂತ್ರ ಏನು ಮಾಡಬೇಕೆಂದು ಅವರು ಬರೆದುಕೊಡುತ್ತಾರೆ. ಕಂಪನಿಗಳಲ್ಲಿ ಇದೇ ಕೆಲಸ ಬಿಸಿನೆಸ್ ಅನಾಲಿಸ್ಟ್, ಫಂಕ್ಷನಲ್ ಕನ್ಸಲ್ಟೆಂಟ್, ಪ್ರಾಡಕ್ಟ್ ಓನರ್ ಎಂಬ ಹೆಸರುಗಳಲ್ಲೂ ನಡೆಯುತ್ತದೆ. ಕೋಡ್ ಬರೆಯುವುದು ಅಗ್ಗವಾಗುತ್ತಿರುವ ಈ ಹೊತ್ತಿನಲ್ಲಿ ಕೇಳಿ ತಿಳಿಯುವವರ ಬೆಲೆ ಏರಬೇಕು. ಅಂಕಿ ಅಂಶಗಳೂ ಅದನ್ನೇ ಸೂಚಿಸುತ್ತವೆ. ಆದರೆ ಬೆಂಗಳೂರನ್ನು ಬೆಳೆಸಿದ ಸಾಫ್ಟ್‌ವೇರ್ ಸೇವಾ ಉದ್ಯಮ ಇಂಥವರನ್ನು ತಯಾರುಮಾಡುವ ದಾರಿಯನ್ನೇ ಕಿರಿದಾಗಿಸುತ್ತಿದೆ. ಸಂಬಳ, ಕೆಲಸದ ವೇಳೆ, ನೌಕರಿಯ ಭದ್ರತೆ ಮೂರರಲ್ಲೂ ಇದು ಕಾಣುತ್ತದೆ.

ಈ ವೃತ್ತಿ ಹುಟ್ಟಿದ ಬಗೆಯನ್ನು ನೋಡಿದರೆ ಅದರ ತಿರುಳು ಸ್ಪಷ್ಟವಾಗುತ್ತದೆ. ವ್ಯಾಪಾರದ ಲೆಕ್ಕಕ್ಕೆ ಕಂಪ್ಯೂಟರನ್ನು ದಿನನಿತ್ಯ ಬಳಸಿದ ಮೊದಲ ಸಂಸ್ಥೆ ಇಂಗ್ಲೆಂಡಿನ ಜೆ. ಲಯನ್ಸ್, ಚಹಾ ಅಂಗಡಿಗಳ ಸರಣಿ ಮತ್ತು ಬೇಕರಿ ನಡೆಸುತ್ತಿದ್ದ ಕಂಪನಿ. 1951ರಲ್ಲಿ ಅದು ತನ್ನದೇ ‘ಲಿಯೋ’ ಕಂಪ್ಯೂಟರಿನಲ್ಲಿ ಬೇಕರಿಯ ಉತ್ಪಾದನಾ ಲೆಕ್ಕ ಹಾಕಿತು. ಅದರ ಹಿಂದಿದ್ದ ಡೇವಿಡ್ ಕ್ಯಾಮಿನರ್ ಅವರನ್ನು ಲೋಕದ ಮೊದಲ ಸಿಸ್ಟಂ ಅನಾಲಿಸ್ಟ್ ಎಂದು ಗುರುತಿಸುತ್ತಾರೆ. ಅವರು ಗಣಿತಜ್ಞರಲ್ಲ, ಎಂಜಿನಿಯರೂ ಅಲ್ಲ. ಕಂಪ್ಯೂಟರ್ ಬರುವುದಕ್ಕೂ ಮುಂಚೆ ಲಯನ್ಸ್ ಕಚೇರಿಯ ಕೆಲಸಗಳು ಹೇಗೆ ನಡೆಯುತ್ತವೆ, ಎಲ್ಲಿ ತಡವಾಗುತ್ತದೆ ಎಂದು ಅಧ್ಯಯನ ಮಾಡುತ್ತಿದ್ದ ವಿಭಾಗದ ಮುಖ್ಯಸ್ಥರಾಗಿದ್ದವರು. ಕೆಲಸದ ಅರಿವು ಮೊದಲು ಬಂತು, ಯಂತ್ರ ಆಮೇಲೆ.

ನಮ್ಮಲ್ಲೂ ಇದಕ್ಕೆ ದೊಡ್ಡ ನಿದರ್ಶನವಿದೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ತಂತ್ರಾಂಶ ರೂಪಿಸಿದ್ದು ಕೇಂದ್ರ ಸರ್ಕಾರದ ಎನ್‌ಐಸಿ, ಮುಂದೆ ನಿಂತು ನಡೆಸಿದ್ದು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಪಹಣಿಯನ್ನು ಟೈಪು ಮಾಡಿ ತೆರೆಯ ಮೇಲೆ ತೋರಿಸುವುದಷ್ಟೇ ಗುರಿಯಾಗಿದ್ದರೆ ಅದು ದೊಡ್ಡ ಸಾಧನೆಯೇನೂ ಆಗುತ್ತಿರಲಿಲ್ಲ. ಖಾತೆ ಬದಲಾವಣೆಯ ಅರ್ಜಿ ಗ್ರಾಮ ಲೆಕ್ಕಿಗರ ಕೈಯಲ್ಲಿ ಯಾಕೆ ಕೂರುತ್ತದೆ, ಆಮೇಲೆ ಬಂದ ಅರ್ಜಿ ಮುಂದೆ ಹೇಗೆ ಜಿಗಿಯುತ್ತದೆ, ತಿದ್ದಿದ್ದು ಯಾರೆಂದು ಗೊತ್ತಾಗದಿರುವುದು ಹೇಗೆ ಎಂಬುದನ್ನು ಬಲ್ಲವರು ಅಲ್ಲಿದ್ದರು. ಹಾಗಾಗಿಯೇ ಮೊದಲು ಬಂದ ಅರ್ಜಿ ಮೊದಲು ಎಂಬ ಸರದಿ ವ್ಯವಸ್ಥೆಯೊಳಗೇ ಸೇರಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಾಯಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಪಹಣಿ ಸಿಗುವಂತಾಯಿತು. ಭೂಮಿಯಲ್ಲೂ ಕೊರತೆಗಳಿದ್ದವು. ಹಳೆಯ ಕಾಗದದಲ್ಲಿದ್ದ ತಪ್ಪುಗಳು ಕಂಪ್ಯೂಟರಿಗೂ ಬಂದವು, ತಿದ್ದುಪಡಿಗಾಗಿ ರೈತರು ಅಲೆದದ್ದೂ ನಿಜ. ಆದರೂ ಅದು ನಿಂತದ್ದು ಕಂದಾಯ ಇಲಾಖೆಯ ಒಳಗುಟ್ಟು ಬಲ್ಲವರ ಮಾತಿಗೆ ಅಲ್ಲಿ ಬೆಲೆ ಸಿಕ್ಕಿದ್ದರಿಂದ.

ಈ ಅರಿವಿಗೆ ಮಾರುಕಟ್ಟೆ ಎಷ್ಟು ಕೊಡುತ್ತದೆ? ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಈ ವೃತ್ತಿಯನ್ನು ಪ್ರತ್ಯೇಕವಾಗಿಯೇ ಲೆಕ್ಕಹಾಕುತ್ತದೆ. 2024ರಲ್ಲಿ ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಿಸ್ಟಂ ಅನಾಲಿಸ್ಟ್‌ಗಳಿದ್ದರು. ಅವರ ಮಧ್ಯಮ ವಾರ್ಷಿಕ ವೇತನ 1.03 ಲಕ್ಷ ಡಾಲರ್ ದಾಟಿತ್ತು. 2034ರ ಹೊತ್ತಿಗೆ ಈ ಹುದ್ದೆಗಳು ಸುಮಾರು ಶೇ 9ರಷ್ಟು ಹೆಚ್ಚುತ್ತವೆ, ಬರೀ ಪ್ರೋಗ್ರಾಂ ಬರೆಯುವವರ ಹುದ್ದೆಗಳು ಸುಮಾರು ಶೇ 6ರಷ್ಟು ಇಳಿಯುತ್ತವೆ ಎಂಬುದು ಇಲಾಖೆಯ ಅಂದಾಜು. ವಿನ್ಯಾಸದ ಹೊಣೆಯನ್ನೂ ಹೊರುವ ಸಾಫ್ಟ್‌ವೇರ್ ಡೆವಲಪರ್‌ಗಳ ಸಂಬಳವೂ ಬೆಳವಣಿಗೆಯೂ ಅನಾಲಿಸ್ಟ್‌ಗಳಿಗಿಂತ ಮೇಲಿದೆ. ಇಳಿಮುಖವಾಗಿರುವುದು ಬೇರೆಯವರು ಬರೆದುಕೊಟ್ಟದ್ದನ್ನು ಕೋಡ್ ಮಾಡುವ ಕೆಲಸ ಮಾತ್ರ.

ಅದೇ ಇಲಾಖೆ ಇನ್ನೊಂದು ಮಾತನ್ನೂ ಹೇಳುತ್ತದೆ: ಈ ಕೆಲಸಕ್ಕೆ ಕಂಪ್ಯೂಟರ್ ಪದವಿ ಸಾಮಾನ್ಯ, ಆದರೆ ಕಡ್ಡಾಯವಲ್ಲ, ವ್ಯವಹಾರ ಅಥವಾ ಕಲಾ ಪದವಿ ಪಡೆದವರನ್ನೂ ಕೆಲವು ಸಂಸ್ಥೆಗಳು ತೆಗೆದುಕೊಳ್ಳುತ್ತವೆ. ವೃತ್ತಿಯ ಸ್ವಭಾವವನ್ನು ಸರಿಯಾಗಿ ಗುರುತಿಸಿದ ಮಾತಿದು. ಆದರೆ ಕೆಲವು ವರ್ಷಗಳ ಹಿಂದೆ ಅಮೆರಿಕದ ವಲಸೆ ಅಧಿಕಾರಿಗಳು ಇದೇ ಸಾಲನ್ನು ಹಿಡಿದು, ನಿರ್ದಿಷ್ಟ ಪದವಿ ಬೇಡದ ಕೆಲಸಕ್ಕೆ ಎಚ್–1ಬಿ ವೀಸಾ ಯಾಕೆ ಎಂದು ಪ್ರಶ್ನಿಸತೊಡಗಿದರು. ಸಿಸ್ಟಂ ಅನಾಲಿಸ್ಟ್ ಎಂಬ ಹೆಸರಿನಲ್ಲಿ ಅರ್ಜಿ ಹಾಕಿದ ಎಷ್ಟೋ ಭಾರತೀಯರು ಇದರ ಬಿಸಿ ಅನುಭವಿಸಿದರು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್–1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು; ಈ ವೃತ್ತಿಯ ಮಧ್ಯಮ ವಾರ್ಷಿಕ ಸಂಬಳಕ್ಕೆ ಹೆಚ್ಚುಕಡಿಮೆ ಸಮ. ಇದರ ಪೆಟ್ಟು ಬರೀ ವಿದೇಶದ ಆಸೆಗೆ ಬೀಳುವುದಿಲ್ಲ. ನಮ್ಮ ಸೇವಾ ಕಂಪನಿಗಳಲ್ಲಿ ಕ್ಲೈಂಟ್ ಎದುರು ಕೂತು, ಅವರ ವ್ಯವಹಾರ ಕಣ್ಣಾರೆ ಕಂಡು, ರಿಕ್ವೈರ್‌ಮೆಂಟ್ ಬರೆಯುವ ಕೆಲಸ ಬಹುಪಾಲು ಆನ್‌ಸೈಟ್‌ನಲ್ಲೇ ನಡೆಯುತ್ತಿತ್ತು. ಎಂಜಿನಿಯರ್ ಒಬ್ಬರು ಅನಾಲಿಸ್ಟ್ ಆಗಿ ಮಾಗುತ್ತಿದ್ದದ್ದು ಅಲ್ಲೇ. ಆ ಬಾಗಿಲು ಕಿರಿದಾದರೆ ಕಲಿಕೆಯ ದಾರಿಯೂ ಕಿರಿದಾಗುತ್ತದೆ.

ಬೆಂಗಳೂರಿನ ಲೆಕ್ಕ ಬೇರೆಯೇ. ದೊಡ್ಡ ಸೇವಾ ಕಂಪನಿಗಳು ಕ್ಯಾಂಪಸ್‌ನಲ್ಲಿ ಆಯ್ಕೆ ಮಾಡುವಾಗ ಕೊಡುವ ಸಾಮಾನ್ಯ ಫ್ರೆಶರ್‌ ಪ್ಯಾಕೇಜ್ ಹತ್ತು ವರ್ಷಕ್ಕೂ ಮೇಲ್ಪಟ್ಟು ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ತಿರುಗುತ್ತಿದೆ. ಆ ಸಿಟಿಸಿಯೊಳಗೆ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಬಂದರೂ ಬರದಿದ್ದರೂ ಎಂಬಂಥ ವೇರಿಯೇಬಲ್ ಪೇ ಎಲ್ಲವೂ ಸೇರಿರುತ್ತವೆ. ಕೈಗೆ ಬರುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಈ ಅವಧಿಯಲ್ಲಿ ಪಿಜಿ ಬಾಡಿಗೆ, ಊಟದ ಖರ್ಚು, ಕಾಲೇಜು ಶುಲ್ಕ ಯಾವುದೂ ಇದ್ದಲ್ಲೇ ಇರಲಿಲ್ಲ. ಸಾಲ ಮಾಡಿ ಓದಿದ ಹಾವೇರಿ ಅಥವಾ ರಾಯಚೂರಿನ ಹುಡುಗಿಯೊಬ್ಬಳ ಮೊದಲ ನೌಕರಿಯ ಸಂಬಳ ಹತ್ತು ವರ್ಷದ ಹಿಂದೆ ಅದೇ ನೌಕರಿಗೆ ಸೇರಿದವರದಕ್ಕಿಂತ ನಿಜಬೆಲೆಯಲ್ಲಿ ಕಡಿಮೆ ಎಂಬುದು ನೋವಿನ ಸಂಗತಿ. ಸಂಬಳ ಏರಬೇಕಾದರೆ ಎರಡು ಮೂರು ವರ್ಷಕ್ಕೆ ಕಂಪನಿ ಬದಲಿಸಬೇಕು ಎಂಬುದು ಎಲ್ಲರೂ ಒಪ್ಪಿಕೊಂಡ ರೂಢಿ. ಅನಾಲಿಸ್ಟ್ ಆಗಲು ಬೇಕಾದದ್ದು ಇದಕ್ಕೆ ನೇರ ವಿರುದ್ಧ. ವಿಮೆಯ ಕ್ಲೇಮು, ಬ್ಯಾಂಕಿನ ಸಾಲ, ಔಷಧ ದಾಸ್ತಾನು, ಹೀಗೆ ಒಂದು ಕ್ಷೇತ್ರದಲ್ಲಿ ವರ್ಷಗಟ್ಟಲೆ ನಿಂತು ಅದರ ಒಳಸುಳಿ ಅರಿಯಬೇಕು. ನಿಂತವರಿಗೆ ಎರಡಂಕಿ ಮುಟ್ಟದ ಹೈಕ್, ಹಾರಿದವರಿಗೆ ದೊಡ್ಡ ಜಿಗಿತ ಎಂಬ ಪದ್ಧತಿ ಇರುವಲ್ಲಿ ಅನುಭವ ಹೆಪ್ಪುಗಟ್ಟುವುದು ಕಷ್ಟ.

ಇದರ ಬೇರು ಬಿಲ್ಲಿಂಗ್‌ನಲ್ಲಿದೆ. ಸೇವಾ ಕಂಪನಿಯ ಆದಾಯ ಬಹುಮಟ್ಟಿಗೆ ಇಷ್ಟು ಜನ, ಇಷ್ಟು ಗಂಟೆ ಎಂಬ ಲೆಕ್ಕದಲ್ಲಿ ಬೆಳೆದುಬಂದದ್ದು. ಕೆಳಗೆ ಕಡಿಮೆ ಸಂಬಳದ ಸಾವಿರಾರು ಫ್ರೆಶರ್‌ಗಳು, ಮೇಲೆ ಹೋದಂತೆ ಬೆರಳೆಣಿಕೆಯ ಮ್ಯಾನೇಜರ್‌ಗಳು. ಈ ಗೋಪುರದ ಬುಡ ಅಗಲವಾಗಿದ್ದಷ್ಟೂ ಲಾಭ. ಕೇಳಿ ತಿಳಿಯಲು ಕಳೆದ ದಿನ ಗ್ರಾಹಕರ ಬಿಲ್ಲಿನಲ್ಲಿ ಸುಲಭವಾಗಿ ಕೂರುವುದಿಲ್ಲ. 2025ರ ಜೂನ್‌ನಲ್ಲಿ ಟಿಸಿಎಸ್ ಜಾರಿಗೆ ತಂದ ನಿಯಮದಂತೆ ನೌಕರರು ವರ್ಷಕ್ಕೆ ಕನಿಷ್ಠ 225 ದಿನ ಬಿಲ್ ಆಗುವ ಕೆಲಸದಲ್ಲಿರಬೇಕು, ಯೋಜನೆಯಿಲ್ಲದೆ ಕಾಯುವ ಬೆಂಚ್‌ನಲ್ಲಿ 35 ದಿನ ಮೀರಬಾರದು. ಮರು ತಿಂಗಳೇ ಅದು 12 ಸಾವಿರಕ್ಕೂ ಹೆಚ್ಚು ಹುದ್ದೆ, ಅಂದರೆ ಒಟ್ಟು ಸಿಬ್ಬಂದಿಯ ಶೇ 2ರಷ್ಟನ್ನು ಕಡಿತ ಮಾಡುವುದಾಗಿ ಹೇಳಿತು. ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದಲ್ಲಿ. ಒಂದು ಕಂಪನಿಯನ್ನು ದೂರುವ ಉದ್ದೇಶದಿಂದ ಇದನ್ನು ಹೇಳುತ್ತಿಲ್ಲ. ದೇಶದ ಅತಿ ದೊಡ್ಡ ಐಟಿ ಕಂಪನಿಯ ನಡೆ ಇಡೀ ಉದ್ಯಮದ ದಿಕ್ಕನ್ನು ತೋರಿಸುತ್ತದೆ. ಕ್ಷೇತ್ರಜ್ಞಾನ ಶೇಖರವಾಗಿರುವುದು ಮಧ್ಯಮ ಹಂತದಲ್ಲೇ. ಕೆನಡಾದಲ್ಲಿ ಸಂಬಳದ ಗುಮಾಸ್ತರನ್ನು ಕಳುಹಿಸಿದಾಗ ಅವರೊಂದಿಗೆ ಏನು ಹೋಯಿತೋ ಇಲ್ಲೂ ಅದೇ ಹೋಗುತ್ತದೆ.

ಕೆಲಸದ ವೇಳೆಯ ವಿಷಯದಲ್ಲಿ ಅನಾಲಿಸ್ಟ್‌ಗಳ ಪಾಡು ಕೋಡ್ ಬರೆಯುವವರಿಗಿಂತ ಬಿಗಿ. ಕೋಡ್ ಬರೆಯುವವರು ತಮ್ಮ ಹಗಲಿನಲ್ಲೇ ಬರೆಯಬಹುದು. ಅನಾಲಿಸ್ಟ್‌ಗೆ ಎದುರಿಗೊಬ್ಬರು ಬೇಕು. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ಇಲ್ಲಿ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಕ್ಯಾಲಿಫೋರ್ನಿಯಾದ ಕ್ಲೈಂಟ್ ಆದರೆ ರಾತ್ರಿ ಒಂಬತ್ತೂವರೆ, ಹತ್ತೂವರೆ. ಹಗಲು ತಂಡದ ಜೊತೆ, ರಾತ್ರಿ ಕ್ಲೈಂಟ್ ಜೊತೆ ಎಂದು ದಿನ ಎರಡು ಬದಿಗೂ ಹಿಗ್ಗುತ್ತದೆ. ಈ ಹಿಗ್ಗುವಿಕೆಯ ಭಾರ ಚಿಕ್ಕ ಮಕ್ಕಳಿರುವ ತಾಯಂದಿರ ಮೇಲೆ ಹೆಚ್ಚು. 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ, 50 ಅಥವಾ ಹೆಚ್ಚು ಸಿಬ್ಬಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರ ಎಂಬ ನಿಯಮ ಬಂದಿದೆ. ಒಳ್ಳೆಯದೇ. ಆದರೆ ರಾತ್ರಿ ಹತ್ತರ ಕಾಲ್‌ಗೆ ಯಾವ ಶಿಶುಪಾಲನಾ ಕೇಂದ್ರವೂ ತೆರೆದಿರುವುದಿಲ್ಲ. ಇಂಥ ಹೊತ್ತಲ್ಲಿ ಕೆಲಸ ಬಿಡುವವರು ಹಲವು ವರ್ಷ ಕಲಿತವರು ಎಂಬುದನ್ನು ಮರೆಯಬಾರದು.

ಕಾನೂನಿನ ಆಸರೆಯೂ ಇಲ್ಲಿ ತೆಳು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತದೆ. 2025ರಲ್ಲಿ ಸರ್ಕಾರದ ಮುಂದೆ ಬಂದ ತಿದ್ದುಪಡಿ ಪ್ರಸ್ತಾವದಲ್ಲಿ ಇದು 10 ಗಂಟೆ, ಓವರ್‌ಟೈಮ್ ಸೇರಿ 12 ಗಂಟೆ. ಮೂರು ತಿಂಗಳ ಓವರ್‌ಟೈಮ್ ಮಿತಿ 50ರಿಂದ 144 ಗಂಟೆಗೆ. ರಾಜ್ಯದ ಐಟಿ ನೌಕರರ ಸಂಘ ಕೆಐಟಿಯು ಇದನ್ನು ಬಲವಾಗಿ ವಿರೋಧಿಸಿತು. ನೇಮಕ, ವಜಾ, ಶಿಸ್ತುಕ್ರಮದ ಷರತ್ತುಗಳನ್ನು ಲಿಖಿತವಾಗಿ ಇಡಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ಐಟಿ ಉದ್ಯಮಕ್ಕೆ ವಿನಾಯಿತಿ ಕೊಟ್ಟು, ಐದೈದು ವರ್ಷಕ್ಕೆ ನವೀಕರಿಸುತ್ತ ಬಂದಿತು, 2024ರಲ್ಲೂ ನವೀಕರಿಸಿತು. ದೂರು ಪರಿಹಾರ ಸಮಿತಿ ಇರಬೇಕು, ಅಮಾನತು–ವಜಾಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳು ಅದರಲ್ಲಿದ್ದರೂ ಪಾಲನೆಯಾಗಿದೆಯೇ ಎಂದು ನೋಡುತ್ತಿದ್ದವರು ಕಡಿಮೆ. ಅನಾಲಿಸ್ಟ್‌ಗೆ ಇನ್ನೂ ಒಂದು ತೊಡಕಿದೆ. ‘ಅನಾಲಿಸ್ಟ್’, ‘ಕನ್ಸಲ್ಟೆಂಟ್’, ‘ಲೀಡ್’ ಎಂಬ ಹೆಸರಿದ್ದವರು ಮ್ಯಾನೇಜರ್ ಸಾಲಿನವರು, ಅವರಿಗೆ ಕಾರ್ಮಿಕ ಕಾನೂನು ಅನ್ವಯಿಸದು ಎಂಬ ವಾದ ಉದ್ಯಮದಲ್ಲಿ ಸಾಮಾನ್ಯ. ಚೆನ್ನೈನ ಕಾರ್ಮಿಕ ನ್ಯಾಯಾಲಯವೊಂದು 2022ರಲ್ಲಿ, ಏಳು ವರ್ಷ ಹೋರಾಡಿದ ಒಬ್ಬ ಐಟಿ ನೌಕರರ ಪ್ರಕರಣದಲ್ಲಿ, ಹುದ್ದೆಯ ಹೆಸರಲ್ಲ, ಮಾಡುವ ಕೆಲಸ ಮುಖ್ಯ ಎಂಬ ನೆಲೆಯಲ್ಲಿ ಅವರನ್ನು ಕಾರ್ಮಿಕರೆಂದೇ ಪರಿಗಣಿಸಿ ಮರುನೇಮಕಕ್ಕೆ ಆದೇಶಿಸಿತು. ನ್ಯಾಯ ಸಿಕ್ಕಿತು, ಆದರೆ ಏಳು ವರ್ಷ ಕಾಯುವ ಶಕ್ತಿ ಎಷ್ಟು ಮನೆಗಳಿಗಿದೆ?

ಈ ಮಾತುಗಳಿಗೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು: ಐಟಿಯವರ ಸಂಬಳ ಉಳಿದವರಿಗೆ ಹೋಲಿಸಿದರೆ ಹೆಚ್ಚೇ ಅಲ್ಲವೇ? ಗಾರ್ಮೆಂಟ್ ಕಾರ್ಖಾನೆಯಲ್ಲಿ, ಹೊರಗುತ್ತಿಗೆಯಲ್ಲಿ ದುಡಿಯುವವರ ಪಕ್ಕದಲ್ಲಿಟ್ಟು ನೋಡಿದರೆ ಇದು ಅಲ್ಲಗಳೆಯಲಾಗದ ಸತ್ಯ. ಹತ್ತು–ಹದಿನೈದು ವರ್ಷ ಅನುಭವದ ಅನಾಲಿಸ್ಟ್‌ಗಳಲ್ಲಿ, ಅದರಲ್ಲೂ ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳಾದ ಜಿಸಿಸಿಗಳಲ್ಲಿ ಇರುವವರು, ಸುಖವಾಗಿ ಬದುಕುವಷ್ಟು ದುಡಿಯುತ್ತಾರೆ. ಆದರೆ ಅವರ ಸಂಬಳ ತೋರಿಸಿ ಹೊಸಬರ ಸಂಬಳ ಸಮರ್ಥಿಸಲಾಗದು. ಮೇಲಿನ ಮೆಟ್ಟಿಲು ಎಷ್ಟು ಚೆಂದವಿದ್ದರೇನು, ಅಲ್ಲಿಗೆ ಹತ್ತುವ ನಡುವಿನ ಮೆಟ್ಟಿಲುಗಳನ್ನು ಕಿತ್ತುಹಾಕುತ್ತಿದ್ದರೆ?

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಕೃತಕ ಬುದ್ಧಿಮತ್ತೆ ಕೋಡನ್ನಷ್ಟೇ ಅಲ್ಲ, ರಿಕ್ವೈರ್‌ಮೆಂಟ್ ದಾಖಲೆಯನ್ನೂ ಬರೆಯುತ್ತದೆ. ಸಭೆಯ ಮಾತನ್ನು ಕೇಳಿ ಸಾರಾಂಶ ಕೊಡುತ್ತದೆ. ಹಾಗಿದ್ದಮೇಲೆ ಅನಾಲಿಸ್ಟ್ ಯಾಕೆ? ಬರೆಯುವ ಭಾಗದ ಮಟ್ಟಿಗೆ ಇದು ನಿಜ. ಹೇಳಿದ್ದನ್ನು ಅಂದವಾಗಿ ದಾಖಲಿಸುವುದನ್ನೇ ವೃತ್ತಿ ಮಾಡಿಕೊಂಡವರ ನೌಕರಿ ಅಪಾಯದಲ್ಲಿದೆ, ಇದನ್ನು ಮುಚ್ಚಿಡಬಾರದು. ಆದರೆ ಕಷ್ಟ ಇರುವುದು ಹೇಳಿದ್ದರಲ್ಲಲ್ಲ, ಹೇಳದೇ ಉಳಿದದ್ದರಲ್ಲಿ. ಗುಮಾಸ್ತರಿಗೆ ತಮ್ಮ ಕೆಲಸ ಎಷ್ಟು ರೂಢಿಯಾಗಿರುತ್ತದೆಂದರೆ ಅದರ ಅರ್ಧವನ್ನು ಹೇಳಬೇಕೆಂದೇ ಅವರಿಗೆ ತೋಚುವುದಿಲ್ಲ. ಎರಡು ಇಲಾಖೆಗಳು ಒಂದೇ ನಿಯಮವನ್ನು ಬೇರೆ ಬೇರೆ ರೀತಿ ಪಾಲಿಸುತ್ತಿದ್ದರೆ ಯಾವುದು ಸರಿ ಎಂದು ತೀರ್ಮಾನಿಸಲು ಮಾಹಿತಿ ಸಾಲದು, ಇಬ್ಬರನ್ನೂ ಒಂದೆಡೆ ಕೂರಿಸಿ ಒಪ್ಪಿಸುವ ವಿಶ್ವಾಸಾರ್ಹತೆ ಬೇಕು. ಫೀನಿಕ್ಸ್‌ನಲ್ಲಿ ದಾಖಲೆಗಳ ಕೊರತೆ ಇರಲಿಲ್ಲ. 984 ಕಾರ್ಯಗಳ ಪಟ್ಟಿಯೇ ಕೈಯಲ್ಲಿತ್ತು. ಇದನ್ನು ಬಿಟ್ಟರೆ ನೌಕರರ ಗತಿ ಏನು ಎಂದು ಹೇಳಿ, ಆ ಮಾತಿಗೆ ಹೊಣೆ ಹೊತ್ತು, ಕೇಳಿಸಿಕೊಳ್ಳುವಂತೆ ಮಾಡಬಲ್ಲವರ ಕೊರತೆ ಇತ್ತು. ಜೊತೆಗೆ ಕೋಡ್ ಅಗ್ಗವಾದಾಗ ತಪ್ಪು ವ್ಯವಸ್ಥೆ ಕಟ್ಟುವುದೂ ಅಗ್ಗವಾಗುತ್ತದೆ, ಬೇಗವೂ ಆಗುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವ ಆತುರಕ್ಕೆ ಹೊಸ ಯಂತ್ರ ಸಿಕ್ಕಂತೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ ಪ್ರಶ್ನೆ. ಹೊಸಬರು ಮಾಡುತ್ತಿದ್ದ ಚಿಲ್ಲರೆ ಕೆಲಸವನ್ನೆಲ್ಲ ಯಂತ್ರವೇ ಮಾಡಿದರೆ ಹದಿನೈದು ವರ್ಷದ ನಂತರದ ಹಿರಿಯ ಅನಾಲಿಸ್ಟ್‌ಗಳು ಎಲ್ಲಿಂದ ಬರುತ್ತಾರೆ? ಸಣ್ಣ ದೋಷ ಸರಿಪಡಿಸುತ್ತ, ಬಳಸುವವರ ಬೈಗುಳ ಕೇಳುತ್ತ, ಯಾಕೆ ಹೀಗಾಯಿತು ಎಂದು ಹುಡುಕುತ್ತ ಕಲಿಯುತ್ತಿದ್ದ ಆ ಮೊದಲ ವರ್ಷಗಳಿಗೆ ಬದಲಿ ಏನು? ಉದ್ಯಮ ಇದಕ್ಕೆ ಉತ್ತರ ಕೊಡಲು ಹೋಗಿಲ್ಲ, ಮೂರು ತಿಂಗಳ ಲಾಭದ ಲೆಕ್ಕದಲ್ಲಿ ಅದು ಕಾಣುವುದೂ ಇಲ್ಲ. ಬದಲಿ ಎಲ್ಲಿಂದಲಾದರೂ ಬರಬೇಕಾದರೆ ಶಿಕ್ಷಣದಿಂದ ಮತ್ತು ಸರ್ಕಾರಿ ಯೋಜನೆಗಳಿಂದ ಬರಬೇಕು. ನಮ್ಮ ಬಿ.ಇ. ಮತ್ತು ಬಿಸಿಎ ತರಗತಿಗಳಲ್ಲಿ ‘ಸಿಸ್ಟಂ ಅನಾಲಿಸಿಸ್’ ಪರೀಕ್ಷೆಗೆ ಓದಿ ಮರೆಯುವ ಚಿತ್ರಗಳ ವಿಷಯವಾಗಿದೆ. ಅದನ್ನು ಊರಿನ ಎಪಿಎಂಸಿ, ಹಾಲಿನ ಡೇರಿ, ತಾಲ್ಲೂಕು ಆಸ್ಪತ್ರೆಯ ಔಷಧ ಉಗ್ರಾಣಕ್ಕೆ ಹೋಗಿ ಕೇಳಿ ಬರೆಯುವ ಕೆಲಸವಾಗಿ ಮಾಡಲು ದೊಡ್ಡ ಖರ್ಚೇನೂ ಬೇಕಿಲ್ಲ. ಬಿ.ಕಾಂ., ಬಿ.ಎ. ಓದಿದವರೂ ಇದರಲ್ಲಿ ಸೇರಲಿ.

ಇಂಥವರಿಗೆ ಕೆಲಸ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಮಾತ್ರ ಇಲ್ಲ. ರಾಜ್ಯದ 2024–29ರ ಜಿಸಿಸಿ ನೀತಿ 500 ಹೊಸ ಕೇಂದ್ರ, 3.5 ಲಕ್ಷ ಉದ್ಯೋಗದ ಗುರಿ ಇಟ್ಟಿದೆ. ಅದರಲ್ಲಿ ಒಳ್ಳೆಯ ಅವಕಾಶ ಇದ್ದೇ ಇದೆ. ಅಷ್ಟೇ ದೊಡ್ಡದಾದ, ಯಾರೂ ಗಮನಿಸದ ಇನ್ನೊಂದು ಕ್ಷೇತ್ರ ಸಹಕಾರಿ ಸಂಘಗಳದು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಸುಮಾರು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು 63 ಸಾವಿರ ಸಂಘಗಳು ಅದರ ವ್ಯಾಪ್ತಿಗೆ ಬಂದವು. ಬಡ್ಡಿ ರಹಿತ ಬೆಳೆ ಸಾಲ, ಗೊಬ್ಬರದ ಉದ್ರಿ, ಪಡಿತರ ಅಂಗಡಿ, ಅಡವಿಟ್ಟ ಚಿನ್ನ, ಷೇರು, ಸಾಲ ಮನ್ನಾದ ಹಳೆಯ ಬಾಕಿ, ಎಲ್ಲ ಒಂದೇ ಸೂರಿನಡಿ ಇರುವ ಸಂಸ್ಥೆ ಅದು. ಅದರ ಲೆಕ್ಕ ಕಾರ್ಯದರ್ಶಿಯ ಕನ್ನಡದ ಖಾತೆ ಪುಸ್ತಕದಲ್ಲೂ, ಅವರ ನೆನಪಿನಲ್ಲೂ ಹಂಚಿಹೋಗಿದೆ. ಅವರ ಎದುರು ಕೂತು ಕೇಳಲು ಸಹಕಾರ ಕಾಯ್ದೆಯ ತಿಳಿವಳಿಕೆ, ಜಮಾ–ಖರ್ಚಿನ ಜ್ಞಾನ, ಆ ಸೀಮೆಯ ಕನ್ನಡ, ಅವಸರವಿಲ್ಲದ ಮನಸ್ಸು ಬೇಕು. ಸರ್ಕಾರಿ ಟೆಂಡರುಗಳಲ್ಲಿ ಸಾಮಾನ್ಯವಾಗಿ ತಂತ್ರಾಂಶ ಪೂರೈಕೆ, ಯಂತ್ರ, ತರಬೇತಿಗಳಿಗೆ ಬೇರೆ ಬೇರೆ ಮೊತ್ತ ಕಾಣುತ್ತದೆ. ಕೇಳಿ ತಿಳಿಯುವ ಹಂತಕ್ಕೆ ಪ್ರತ್ಯೇಕ ಅವಧಿ, ಪ್ರತ್ಯೇಕ ಹಣ, ಅದನ್ನು ಮಾಡುವವರಿಗೆ ನಾಲ್ಕೈದು ವರ್ಷ ಒಂದೇ ಕ್ಷೇತ್ರದಲ್ಲಿ ನಿಲ್ಲಬಹುದಾದ ಹುದ್ದೆ ಇಡುವುದನ್ನು ರಾಜ್ಯ ಸರ್ಕಾರ ತನ್ನ ಮುಂದಿನ ಯೋಜನೆಯಿಂದಲೇ ಶುರುಮಾಡಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಟೆಂಡರ್ ದಾಖಲೆಯಲ್ಲಿ ಒಂದು ಅಧ್ಯಾಯ ಸೇರಿದರೆ ಸಾಕು.